ತುತ್ತಿಗೊಂದು ವಿಡಿಯೊ: ಊಟದ ಹೊತ್ತಿನ ಫೋನು ಮಗುವಿನಿಂದ ಏನು ಕಸಿಯುತ್ತದೆ, ಅದನ್ನು ಬಿಡಿಸುವುದು ಹೇಗೆ

ಒಂದು ವರ್ಷ ತುಂಬುವವರೆಗೆ ಕೊಟ್ಟಿದ್ದನ್ನೆಲ್ಲ ತಿನ್ನುತ್ತಿದ್ದ ಮಗು, ಹುಟ್ಟುಹಬ್ಬ ಕಳೆದು ಎರಡು ಮೂರು ತಿಂಗಳಾಗುವಷ್ಟರಲ್ಲಿ ಬಾಯಿ ಬಿಗಿಹಿಡಿಯಲು ಶುರು ಮಾಡುತ್ತದೆ. ನಾಲ್ಕು ತುತ್ತಿಗೆ ಮುಖ ತಿರುಗಿಸುತ್ತದೆ, ಬಟ್ಟಲು ತಳ್ಳುತ್ತದೆ, ಸೊಂಟದಿಂದ ಜಾರಿ ಓಡುತ್ತದೆ. ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಫೋನು ಬರುವುದು ಈ ವಯಸ್ಸಿನಲ್ಲೇ. ಮಗು ಊಟ ಬಿಟ್ಟಿದೆ ಎಂಬ ಗಾಬರಿಯಲ್ಲಿ ಯಾರೋ ಒಮ್ಮೆ ವಿಡಿಯೊ ಹಾಕುತ್ತಾರೆ, ಬಟ್ಟಲು ಖಾಲಿಯಾಗುತ್ತದೆ, ಮರುದಿನದಿಂದ ಅದೇ ರೂಢಿ.

ಊಟ ಬಿಟ್ಟಿದ್ದಕ್ಕೆ ಮಗುವಿನ ಹಠವನ್ನೋ ಅಮ್ಮನ ಅಡುಗೆಯನ್ನೋ ದೂರಬೇಕಿಲ್ಲ. 3 ಕಿಲೊ ಹುಟ್ಟಿದ ಮಗು ಮೊದಲ ವರ್ಷದಲ್ಲಿ ಸುಮಾರು 6 ಕಿಲೊ ಏರಿ 9ರ ಆಸುಪಾಸಿಗೆ ಬರುತ್ತದೆ. ಎರಡನೆಯ ವರ್ಷವಿಡೀ ಏರುವುದು 2ರಿಂದ 2.5 ಕಿಲೊ ಅಷ್ಟೆ. ಬೆಳೆಯುವ ವೇಗ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹಸಿವೂ ಇಳಿಯುತ್ತದೆ. ನಡೆಯುವ ಉಮೇದು, ಬೇಡ ಎನ್ನಲು ಬಂದ ಹೊಸ ಶಕ್ತಿ, ಹೊಸ ರುಚಿ ಕಂಡರೆ ಅನುಮಾನ ಇವೆಲ್ಲ ಅದೇ ಸಮಯಕ್ಕೆ ಕೂಡಿಬರುತ್ತವೆ. ಈ ಹಂತವನ್ನು ಫೋನಿನಿಂದ ದಾಟಿಸಿದರೆ ಮಗು ತಿನ್ನುವುದನ್ನು ಕಲಿಯುವುದು ತಡವಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮಾತಿನದು: ದಿನದಲ್ಲಿ ಮಗುವೂ ದೊಡ್ಡವರೂ ಎದುರುಬದುರು ಕೂರುವ ಖಾತ್ರಿ ಹೊತ್ತೆಂದರೆ ಊಟವೊಂದೇ, ಅದು ಕೈಬಿಟ್ಟುಹೋಗುತ್ತದೆ. ಪರದೆಯಲ್ಲಿ ಏನು ಓಡುತ್ತಿದೆ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಅದು ಓಡುತ್ತಿದ್ದಾಗ ಏನು ನಡೆಯದೆ ಹೋಯಿತು ಎಂದು ನೋಡುವುದು ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ.

ಮೊದಲು ಬಾಯಿಯ ವಿಷಯ. ವಿಡಿಯೊ ಹಾಕಿದ ಕೂಡಲೇ ಮಗುವಿನ ಕಣ್ಣು ಪರದೆಯಲ್ಲಿ ನೆಡುತ್ತದೆ, ಕೆಳದವಡೆ ಸಡಿಲವಾಗಿ ಬಾಯಿ ಅರ್ಧ ತೆರೆಯುತ್ತದೆ. ಚಮಚ ತುಟಿಗೆ ತಾಗಿದರೆ ಬಾಯಿ ತಾನಾಗಿ ಮುಚ್ಚುತ್ತದೆ, ತುತ್ತು ಇಳಿಯುತ್ತದೆ. ತಿಂದದ್ದು ಮೊಸರನ್ನವೋ ಸಾರನ್ನವೋ ಮಗುವಿಗೆ ಗೊತ್ತಿರುವುದಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಕರುಳಿನಿಂದ ಮೆದುಳಿಗೆ ಮುಟ್ಟಲು 15–20 ನಿಮಿಷ ಹಿಡಿಯುತ್ತದೆ. ಫೋನಿನ ಮುಂದೆ ಬಟ್ಟಲು ಅದಕ್ಕೆ ಮೊದಲೇ ಮುಗಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕ್ಕ ಮಗುವಿನ ಜಠರ ಒಂದು ಸಲಕ್ಕೆ ಹಿಡಿಯುವುದು ಕಿಲೊ ತೂಕಕ್ಕೆ 30 ಗ್ರಾಂ. 9 ಕಿಲೊ ಮಗುವಿಗೆ 270 ಗ್ರಾಂ ಆಯಿತು, ಅದೂ ಅಂಚಿನವರೆಗೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ನಮ್ಮ ದೇಶದಲ್ಲಿ ಹೇಳುವ ಅಳತೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗದಿಂದ ಪೂರ್ತಿ ಬಟ್ಟಲು, ದಿನಕ್ಕೆ 3–4 ಸಲ, ನಡುವೆ ಒಂದೆರಡು ಸಣ್ಣ ತಿಂಡಿ. ಫೋನಿನ ಮುಂದೆ ಇದಕ್ಕಿಂತ ಹೆಚ್ಚು ತುರುಕುವುದು ಸಲೀಸು. ತುರುಕಿದ್ದು ಒಂದೋ ವಾಂತಿಯಾಗುತ್ತದೆ, ಇಲ್ಲವೇ ಮುಂದಿನ ಊಟಕ್ಕೆ ಹಸಿವೇ ಇರುವುದಿಲ್ಲ. ಹಸಿವಿಲ್ಲದ ಮಗುವಿಗೆ ತಿನ್ನಿಸಲು ಮತ್ತೆ ಫೋನು ಬೇಕಾಗುತ್ತದೆ. ಈ ಚಕ್ರ ಎರಡು ಮೂರು ವರ್ಷವೂ ನಡೆಯಬಲ್ಲದು.

ಅಗಿಯುವುದು ಇನ್ನೊಂದು. ಪರದೆ ನೋಡುತ್ತಿರುವ ಮಗು ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತದೆ. ನುಂಗಲಿ ಎಂದು ಮನೆಯವರು ಅನ್ನವನ್ನು ತೆಳ್ಳಗೆ ಮಾಡುತ್ತಾ ಹೋಗುತ್ತಾರೆ, ಕೊನೆಗೆ ಮಿಕ್ಸಿಗೆ ಹಾಕುತ್ತಾರೆ. ಎರಡೂವರೆ ವರ್ಷಕ್ಕೂ ಮಿಕ್ಸಿಯಲ್ಲಿ ತಿರುವಿದ ಅನ್ನ-ಸಾರೇ ನಡೆಯುತ್ತಿದ್ದರೆ ನಾಲಗೆ ತುತ್ತನ್ನು ಪಕ್ಕದ ಹಲ್ಲಿಗೆ ತಳ್ಳುವ ಚಲನೆ ಕಲಿತಿರುವುದಿಲ್ಲ. ಆಮೇಲೆ ಬೀನ್ಸ್ ಪಲ್ಯದ ಒಂದು ಚೂರು ಸಿಕ್ಕರೂ ವಾಕರಿಕೆ ಬರುತ್ತದೆ. ಇಂಗ್ಲೆಂಡಿನ ಏವನ್ ಪ್ರದೇಶದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, 10 ತಿಂಗಳು ದಾಟಿದ ಮೇಲೆ ಮೊದಲ ಸಲ ಗಟ್ಟಿ ತುಣುಕಿನ ಆಹಾರ ಕಂಡ ಮಕ್ಕಳಲ್ಲಿ ಊಟದ ತೊಂದರೆಗಳು ಹೆಚ್ಚಿದ್ದವು. ಬಾಯಿ ತುಂಬ ತುತ್ತಿಟ್ಟುಕೊಂಡು ವಿಡಿಯೊ ನೋಡಿ ನಕ್ಕರೆ ನೆತ್ತಿಗೇರುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಎಂದೂ ಕೊಡಬಾರದು, ಫೋನಿನ ಮುಂದಂತೂ ಕೊಡಲೇಬಾರದು.

ಇನ್ನು ಮಾತು. ಫೋನಿಲ್ಲದ ಒಂದು ತುತ್ತನ್ನು ಹತ್ತಿರದಿಂದ ನೋಡಿ. ಅಜ್ಜಿ ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದುತ್ತಾರೆ. ಮಗು ಅದನ್ನು ನೋಡುತ್ತದೆ, ಆಮೇಲೆ ಅಜ್ಜಿಯ ಮುಖ ನೋಡುತ್ತದೆ. "ಬಿಸಿ ಇದೆ ಪುಟ್ಟಾ, ಉಫ್ ಮಾಡೋಣ್ವಾ?" ಮಗು ತುಟಿ ಮುಂದೆ ಮಾಡಿ ಊದುತ್ತದೆ. "ಹ್ಞಾ, ತಣ್ಣಗಾಯ್ತು ನೋಡು." ತುತ್ತು ಬಾಯಿಗೆ ಹೋಗುತ್ತದೆ. ಮಗು ಲೋಟದ ಕಡೆ ಬೆರಳು ಮಾಡಿ "ನೀ" ಎನ್ನುತ್ತದೆ. "ನೀರು ಬೇಕಾ? ತಗೋ ನೀರು." ಅರ್ಧ ನಿಮಿಷದಲ್ಲಿ ಮಗು ಹತ್ತಕ್ಕೂ ಹೆಚ್ಚು ಪದ ಕೇಳಿತು, ಒಂದನ್ನು ಹೇಳಲು ನೋಡಿತು, ಹೇಳಿದ್ದಕ್ಕೆ ಲೋಟ ಕೈಗೆ ಬಂತು. ಬಿಸಿ ಎಂಬ ಪದ ತುಟಿಗೆ ತಾಗಿದ ಬಿಸಿಯ ಜೊತೆಗೇ ಕಿವಿಗೆ ಬಿತ್ತು. ಬಿತ್ತು, ಖಾಲಿ, ಇನ್ನೂ, ಸಾಕು, ಒರೆಸು, ಖಾರ, ಅಂಟು ಮುಂತಾದ ಮೊದಲ ವರ್ಷಗಳ ಪದಗಳು ಬಟ್ಟಲಿನ ಸುತ್ತಲೇ ಸಿಗುತ್ತವೆ. ದಿನಕ್ಕೆ ನಾಲ್ಕು ಸಲ, ಸಲಕ್ಕೆ 20 ನಿಮಿಷ ಎಂದಿಟ್ಟುಕೊಂಡರೂ ತಿಂಗಳಿಗೆ 40 ಗಂಟೆ ಇಂಥ ಮಾತುಕತೆ. ಫೋನು ಬಂದರೆ ಈ 40 ಗಂಟೆಯಲ್ಲಿ ಅಜ್ಜಿ ಆಡುವ ಮಾತು "ಆ ಮಾಡು" ಒಂದೇ.

ವಿಡಿಯೊದಲ್ಲೂ ಮಾತಿದೆಯಲ್ಲ, ಅದರಿಂದ ಕಲಿಯುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರಿಷಿಯಾ ಕುಲ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ 9 ತಿಂಗಳ ಕೂಸುಗಳಿಗೆ ನಾಲ್ಕು ವಾರದಲ್ಲಿ 12 ಸಲ ಚೀನೀ ಮಾತು ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಗುರುತಿಸುವುದನ್ನು ಕಲಿತವು. ಅವರೇ ಅದೇ ಮಾತನ್ನು ಪರದೆಯಲ್ಲಿ ಆಡಿದಾಗ ಏನೂ ಕಲಿಯಲಿಲ್ಲ. ಕಾರಣ ಮುಂದೆ ಇನ್ನಷ್ಟು ಸ್ಪಷ್ಟವಾಯಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಮಾತಾಡಿದವರಿಂದ ಹೊಸ ಪದ ಕಲಿತರು, ಮೊದಲೇ ಚಿತ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಪರದೆ ಎರಡರಲ್ಲೂ ಇತ್ತು. ಮಗು ನಕ್ಕಾಗ ನಕ್ಕು, ಕೇಳಿದಾಗ ಉತ್ತರ ಕೊಡುವ ಮನುಷ್ಯ ಒಂದರಲ್ಲಿ ಮಾತ್ರ ಇದ್ದರು. ಹಾಸನದ ಅಜ್ಜಿಯ ಜೊತೆ ಡಲ್ಲಾಸಿನಲ್ಲೋ ದುಬೈಯಲ್ಲೋ ಇರುವ ಮೊಮ್ಮಗು ವಿಡಿಯೊ ಕಾಲ್ ಮಾಡಿದರೆ ಅದನ್ನು ಸ್ಕ್ರೀನ್ ಟೈಮ್ ಲೆಕ್ಕಕ್ಕೆ ಹಾಕಿ ಹೆದರಬೇಕಿಲ್ಲ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಅಜ್ಜಿ ತೋರಿಸಿದ್ದನ್ನು ಮಗುವಿಗೆ ಮತ್ತೆ ಹೇಳಿದರೆ ಇನ್ನೂ ಒಳ್ಳೆಯದು.

ಆಸ್ಟ್ರೇಲಿಯಾದ ಸಂಶೋಧಕರು 220 ಮನೆಗಳ ಮಕ್ಕಳ ಅಂಗಿಗೆ ಪುಟ್ಟ ಧ್ವನಿಮುದ್ರಣ ಯಂತ್ರ ಇಟ್ಟು, 12ರಿಂದ 36 ತಿಂಗಳ ವಯಸ್ಸಿನವರೆಗೆ ಮನೆಯ ಮಾತನ್ನು ಅಳೆದರು. 2024ರಲ್ಲಿ ಫಲಿತಾಂಶ ಬಂತು. ಮೂರು ವರ್ಷದ ಮಗುವಿನಲ್ಲಿ ಒಂದು ನಿಮಿಷ ಸ್ಕ್ರೀನ್ ಹೆಚ್ಚಾದರೆ ದೊಡ್ಡವರಿಂದ ಕೇಳಿಸುವ ಪದ 6.6, ಮಗು ಹೊರಡಿಸುವ ಧ್ವನಿ 4.9, ಪರಸ್ಪರ ಮಾತುಕತೆ 1.1ರಷ್ಟು ಕಡಿಮೆ. ಯಾರೂ ನೋಡದೆ ಸುಮ್ಮನೆ ಓಡುವ ಟಿವಿಯೂ ಇದೇ ಕೆಲಸ ಮಾಡುತ್ತದೆ: 2009ರ ಅಮೆರಿಕದ ಅಧ್ಯಯನವೊಂದರಲ್ಲಿ ಟಿವಿ ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು 770 ಪದಗಳಷ್ಟು ಕಡಿಮೆಯಿತ್ತು.

ಇದರ ಒಂದು ಗುರುತು ನಮ್ಮ ಮನೆಗಳಲ್ಲಿ ಎದ್ದು ಕಾಣುತ್ತದೆ. ಎರಡು ವರ್ಷದ ಮಗು ಇಂಗ್ಲಿಷ್ ಅಕ್ಷರಮಾಲೆಯನ್ನು ಕೊನೆಯವರೆಗೆ ಒಪ್ಪಿಸುತ್ತದೆ, ಬಣ್ಣಗಳ ಹೆಸರು ಹೇಳುತ್ತದೆ, ಇಪ್ಪತ್ತರವರೆಗೆ ಎಣಿಸುತ್ತದೆ. ಆದರೆ ಬಾಯಾರಿದರೆ ನೀರು ಬೇಕು ಎನ್ನಲು ಬರುವುದಿಲ್ಲ, ಅಮ್ಮನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ಯುತ್ತದೆ. ನೆಂಟರೆದುರು ಇದನ್ನು ಜಾಣತನವೆಂದು ಒಪ್ಪಿಸಲು ಹೇಳುತ್ತಾರೆ. ಅದು ಧ್ವನಿಯ ನೆನಪು, ಮಾತಲ್ಲ. ಮಗು ಎಷ್ಟು ಪದ ಹೇಳಬಲ್ಲದು ಎಂಬುದಕ್ಕಿಂತ ತನಗೆ ಬೇಕಾದದ್ದನ್ನು ಇನ್ನೊಬ್ಬರಿಗೆ ತಿಳಿಸಲು ಎಷ್ಟು ಪದ ಬಳಸುತ್ತದೆ ಎಂದು ಎಣಿಸಿ.

ಅಳುವ ಮಗುವನ್ನು ಸಮಾಧಾನಪಡಿಸುವ ವಿಷಯವನ್ನೂ ಹೇಳಲೇಬೇಕು. ಊಟಕ್ಕೆ ಬಂದ ಫೋನು ಅಲ್ಲಿಗೇ ನಿಲ್ಲುವುದಿಲ್ಲ; ಬಿದ್ದು ಅತ್ತಾಗ, ಕಾರಿನಲ್ಲಿ ಕೂತಾಗ, ತಲೆ ಬಾಚುವಾಗ ಎಲ್ಲದಕ್ಕೂ ಅದೇ ಮದ್ದಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ 422 ಮಕ್ಕಳನ್ನು ಆರು ತಿಂಗಳು ಗಮನಿಸಿ 2022ರ ಕೊನೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮಾಧಾನಕ್ಕೆ ಆಗಾಗ ಫೋನು ಕೊಟ್ಟ ಮಕ್ಕಳಲ್ಲಿ ಮುಂದೆ ರೇಗುವಿಕೆ ಹೆಚ್ಚಿತ್ತು. ಗಂಡುಮಕ್ಕಳಲ್ಲೂ, ಮೊದಲೇ ಚಟುವಟಿಕೆ ಜಾಸ್ತಿ ಇದ್ದ ಮಕ್ಕಳಲ್ಲೂ ಈ ನಂಟು ಇನ್ನೂ ಬಲವಾಗಿ ಕಂಡಿತು. ಅಂದರೆ ಯಾವ ಮಗುವಿಗೆ ಫೋನು ಕೊಡಲು ಮನಸ್ಸು ಬಹಳ ಎಳೆಯುತ್ತದೋ ಆ ಮಗುವಿಗೇ ಅದರಿಂದ ಹೆಚ್ಚು ತೊಂದರೆ.

ನಿದ್ದೆಗೂ ಪೆಟ್ಟಿದೆ. ಚಿಕ್ಕ ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ, ಒಳಗೆ ಹೋಗುವ ಬೆಳಕು ಹೆಚ್ಚು. ಕೊಲೊರಾಡೊದ ಪ್ರಯೋಗಾಲಯವೊಂದು 2022ರಲ್ಲಿ ತೋರಿಸಿದಂತೆ, ಮಲಗುವ ಮುಂಚಿನ ಒಂದು ಗಂಟೆ 5ರಿಂದ 40 ಲಕ್ಸ್‌ನಷ್ಟು ಮಂದ ಬೆಳಕು ಬಿದ್ದರೂ ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳಲ್ಲಿ ನಿದ್ದೆಯ ಹಾರ್ಮೋನು ಮೆಲಟೊನಿನ್ ಸರಾಸರಿ 78% ಕುಸಿಯುತ್ತದೆ. ರಾತ್ರಿ ಎಂಟೂವರೆಗೆ ಫೋನಿನ ಮುಂದೆ ಊಟ ಮಾಡಿದ ಮಗು ಹತ್ತೂವರೆಯಾದರೂ ಕಣ್ಣರಳಿಸಿ ಕುಣಿಯುತ್ತಿದ್ದರೆ ಕಾರಣ ಇಲ್ಲೂ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಇವುಗಳಲ್ಲಿ ಹೆಚ್ಚಿನವು ನಂಟನ್ನು ತೋರಿಸುವ ಅಧ್ಯಯನಗಳು. ಒಂದು ಮಗುವಿನ ಮಾತು ತಡವಾದದ್ದಕ್ಕೆ ಫೋನೇ ಕಾರಣ ಎಂದು ಯಾರೂ ತೀರ್ಪು ಕೊಡಲಾಗದು. ಪರದೆ ನೋಡಿ ನೋಡಿ ಮಗುವಿಗೆ ಆಟಿಸಂನಂಥ ಲಕ್ಷಣ ಬರುತ್ತದೆ ಎನ್ನುವ 'ವರ್ಚುವಲ್ ಆಟಿಸಂ' ಎಂಬ ಮಾತು ಇತ್ತೀಚೆಗೆ ಎಲ್ಲೆಡೆ ಓಡಾಡುತ್ತಿದೆ. ವೈದ್ಯರು ಬಳಸುವ ರೋಗಗಳ ಅಧಿಕೃತ ಪಟ್ಟಿಗಳಲ್ಲಿ ಅಂಥ ಹೆಸರಿಲ್ಲ. ಅದನ್ನು ನಂಬಿದವರಿಗೆ ಎರಡು ಕಡೆಯಿಂದ ನಷ್ಟ. ಆಟಿಸಂ ಇರುವ ಮಗುವಿನ ತಾಯಿಗೆ ನೀನು ಫೋನು ಕೊಟ್ಟದ್ದಕ್ಕೇ ಹೀಗಾಯಿತು ಎಂಬ ಅನ್ಯಾಯದ ಅಪವಾದ ಬರುತ್ತದೆ. ಇನ್ನು ಕೆಲವರು ಫೋನು ಬಿಡಿಸಿ ಆರು ತಿಂಗಳು ಕಾದು ನೋಡೋಣ ಎಂದು ತಪಾಸಣೆ ಮುಂದೂಡುತ್ತಾರೆ. ಎರಡನ್ನೂ ಒಟ್ಟಿಗೇ ಮಾಡಬೇಕು: ಫೋನು ಬಿಡಿಸುವ ಕೆಲಸ ತಡಮಾಡದೆ ಶುರು ಮಾಡಿ, ತಪಾಸಣೆಗೂ ಇದೇ ವಾರ ಹೋಗಿ. ಹೆಸರು ಕರೆದರೆ ತಿರುಗದಿರುವುದು, 12 ತಿಂಗಳಿಗೆ ತೊದಲು ಇಲ್ಲದಿರುವುದು, ಬೇಕಾದದ್ದರತ್ತ ಬೆರಳು ಮಾಡದಿರುವುದು, 16 ತಿಂಗಳಿಗೆ ಒಂದೂ ಪದ ಇಲ್ಲದಿರುವುದು, ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಎಂಬಂಥ ಎರಡು ಪದದ ಜೋಡಣೆ ಇಲ್ಲದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋಗುವುದು, ತಪಾಸಣೆಗೆ ಹೋಗಲು ಇವುಗಳಲ್ಲಿ ಒಂದಿದ್ದರೂ ಸಾಕು. ಮೊದಲ ಪರೀಕ್ಷೆ ಕಿವಿಯದು. ಮಾತು ತಡವಾದಾಗ ಕೇಳಿಸುತ್ತಿದೆಯೇ ಎಂದು ಯಂತ್ರದಲ್ಲಿ ನೋಡದೆ ಮುಂದೆ ಹೋಗಬಾರದು, ತಟ್ಟೆ ಬಡಿದರೆ ತಿರುಗುತ್ತದೆ ಎಂಬುದು ಸಾಲದು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಬರಬೇಕು, ಅವರು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ಪರೀಕ್ಷೆಯೂ ಒಂದೇ ಕಡೆ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತದ ಮಕ್ಕಳ ವೈದ್ಯರ ಸಂಘದ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ, ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ. ಗಂಟೆಗಳ ಲೆಕ್ಕ ಬೇಕು ನಿಜ. ಆದರೆ ಒಬ್ಬಳೇ ಮನೆ ನಿಭಾಯಿಸುವ ತಾಯಿಗೆ ಬರೀ ಸೊನ್ನೆ ಗಂಟೆ ಎಂದು ಹೇಳಿ ಹೊರಟರೆ ಏನೂ ಬದಲಾಗುವುದಿಲ್ಲ. ಒಂದನ್ನೇ ಬಿಡಿಸಲು ಸಾಧ್ಯವಿದ್ದರೆ ಊಟದ ಹೊತ್ತಿನದನ್ನು ಬಿಡಿಸಿ. ಕುಕ್ಕರ್ ಇಳಿಸಿ ಒಗ್ಗರಣೆ ಹಾಕುವ 20 ನಿಮಿಷಕ್ಕೆ ಎರಡೂವರೆ ವರ್ಷದ ಮಗುವಿಗೆ ವಿಡಿಯೊ ಹಾಕಿದರೆ ಆಗುವ ನಷ್ಟ, ಅದೇ 20 ನಿಮಿಷವನ್ನು ಬಟ್ಟಲಿನ ಮುಂದೆ ಹಾಕಿದ್ದಕ್ಕಿಂತ ತೀರಾ ಕಡಿಮೆ.

ಬಿಡಿಸುವುದು ಹೇಗೆ

ಫೋನು ಕಿತ್ತುಕೊಳ್ಳುವ ಮೊದಲು ಮೂರು ದಿನ ಬರೆದಿಡಿ: ಎಷ್ಟು ಹೊತ್ತಿಗೆ, ಏನು, ಎಷ್ಟು ಹೊಟ್ಟೆಗೆ ಹೋಯಿತು ಎಂದು. ಹಾಲು, ಬಿಸ್ಕತ್ತು, ರಸ್ಕ್, ಜ್ಯೂಸು, ಅಜ್ಜ ಕೊಟ್ಟ ಬಾಳೆಹಣ್ಣು ಒಂದನ್ನೂ ಬಿಡಬೇಡಿ. ಹೆಚ್ಚಿನ ಮನೆಗಳಲ್ಲಿ ಗುಟ್ಟು ಈ ಪಟ್ಟಿಯಲ್ಲೇ ಇರುತ್ತದೆ. ದಿನಕ್ಕೆ 800 ಮಿಲಿ ಹಾಲು ಕುಡಿಯುವ ಮಗುವಿಗೆ ಅನ್ನಕ್ಕೆ ಜಾಗವಿಲ್ಲ. ಒಂದು ವರ್ಷದ ಮೇಲೆ ಹಾಲು 400ರಿಂದ 500 ಮಿಲಿ ಮೀರಬಾರದು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚು ಹಾಲು ಕುಡಿದ ಮಗುವಿಗೆ ರಕ್ತಹೀನತೆ, ರಕ್ತಹೀನತೆಯಿಂದ ಹಸಿವು ಮತ್ತೂ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ 67.1% ಮಂದಿಗೆ ರಕ್ತಹೀನತೆ ಇತ್ತು, ಕರ್ನಾಟಕದ ಅಂಕಿಯೂ ಹೆಚ್ಚುಕಡಿಮೆ ಅಲ್ಲೇ ಇದೆ. ಹೀಗಾಗಿ ಊಟ ಬಿಟ್ಟ ಮಗುವಿನ ಹೀಮೋಗ್ಲೋಬಿನ್ ಒಮ್ಮೆ ನೋಡಿಸಿ. ಸರ್ಕಾರದ ಕಾರ್ಯಕ್ರಮದಲ್ಲಿ ಈ ವಯಸ್ಸಿನವರಿಗೆ ವಾರಕ್ಕೆರಡು ಸಲ 1 ಮಿಲಿ ಕಬ್ಬಿಣಾಂಶದ ಸಿರಪ್ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲಬದ್ಧತೆ, ಬಾಯಿಹುಣ್ಣು, ಹಲ್ಲು ಬರುವ ನೋವು ಇದ್ದರೂ ಮಗು ತಿನ್ನುವುದಿಲ್ಲ. ತಾಯಿ ಕಾರ್ಡಿನ ಬೆಳವಣಿಗೆ ಚಾರ್ಟಿನಲ್ಲಿ ತೂಕದ ಗೆರೆ ಏರುತ್ತಲೇ ಇದ್ದರೆ ಮಗು ಸಾಕಷ್ಟು ತಿನ್ನುತ್ತಿದೆ, ಪಕ್ಕದ ಮನೆಯ ಮಗು ಗುಂಡಗಿರುವುದು ಅಳತೆಗೋಲಲ್ಲ. ಗೆರೆ ಚಪ್ಪಟೆಯಾಗಿದ್ದರೆ ಅಥವಾ ಇಳಿದಿದ್ದರೆ ಫೋನು ಬಿಡಿಸುವ ಕೆಲಸವನ್ನು ವೈದ್ಯರ ಜೊತೆ ಮಾತಾಡಿಯೇ ಶುರು ಮಾಡಿ.

ಆಮೇಲೆ ಹೊತ್ತು ಗೊತ್ತುಮಾಡಿ. ಎರಡು ಊಟದ ನಡುವೆ ಎರಡೂವರೆಯಿಂದ ಮೂರು ಗಂಟೆ, ಆ ನಡುವೆ ನೀರು ಮಾತ್ರ. ಬೆಳಗ್ಗೆ ಎಂಟೂವರೆಗೆ ತಿಂಡಿ, ಹನ್ನೊಂದಕ್ಕೆ ಹಣ್ಣು, ಒಂದೂವರೆಗೆ ಊಟ, ಮಲಗಿ ಎದ್ದ ಮೇಲೆ ನಾಲ್ಕೂವರೆಗೆ ಹಾಲು ಮತ್ತು ಏನಾದರೂ ಗಟ್ಟಿ ತಿಂಡಿ, ಏಳೂವರೆಗೆ ರಾತ್ರಿಯೂಟ. ಅರ್ಧ ಗಂಟೆ ಆಚೀಚೆ ಆದರೆ ಚಿಂತೆಯಿಲ್ಲ. ಒಂದೇ ಒಂದು ಮಾರಿ ಬಿಸ್ಕತ್ತು ಹನ್ನೆರಡೂವರೆಗೆ ಹೋದರೆ ಒಂದೂವರೆಯ ಊಟ ಹೋಯಿತೆಂದೇ ತಿಳಿಯಿರಿ.

ಕೂರುವ ರೀತಿ ಸಣ್ಣ ವಿಷಯವೆನಿಸಬಹುದು, ಆದರೆ ಅರ್ಧ ಗೆಲುವು ಅಲ್ಲಿದೆ. ಸೊಂಟದ ಮೇಲಿಟ್ಟುಕೊಂಡು ಓಡಾಡುತ್ತಾ ತಿನ್ನಿಸಿದರೆ ಮಗುವಿಗೆ ನಿಮ್ಮ ಮುಖ ಕಾಣುವುದಿಲ್ಲ, ಬೀದಿ ಕಾಣುತ್ತದೆ. ನೆಲದಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರಿಸಿ, ನೀವು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರೆ ಇಬ್ಬರ ಕಣ್ಣೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಕುರ್ಚಿಯಾದರೆ ಕಾಲು ಜೋತಾಡಬಾರದು, ಅಂಗಾಲಿನ ಕೆಳಗೆ ಒಂದು ಸ್ಟೂಲೋ ಡಬ್ಬವೋ ಇಡಿ. ಕಾಲಿಗೆ ಆಧಾರವಿಲ್ಲದ ಮಗು ಐದು ನಿಮಿಷದಲ್ಲಿ ಕೊಸರಾಡುತ್ತದೆ. ಕೆಳಗೆ ಹಳೇ ಸೀರೆಯೋ ಪ್ಲಾಸ್ಟಿಕ್ ಹಾಳೆಯೋ ಹಾಸಿ, ಚೆಲ್ಲುವುದು ಖಾತ್ರಿ. ಮನೆಯವರಲ್ಲಿ ಒಬ್ಬರಾದರೂ ಅದೇ ಹೊತ್ತಿಗೆ ಅದೇ ಊಟ ಮಾಡಬೇಕು. ದೊಡ್ಡವರು ತಿನ್ನುವುದನ್ನು ನೋಡದ ಮಗುವಿಗೆ ತಿನ್ನುವುದೆಂದರೆ ತನಗೆ ಮಾತ್ರ ಮಾಡುವ ಬಲವಂತವೆನಿಸುತ್ತದೆ.

ಬಡಿಸುವುದು ಎರಡೇ ಚಮಚ. ಕಡಿಮೆ ಬಡಿಸಿ ಮಗು ಇನ್ನೂ ಬೇಕು ಎನ್ನಬೇಕು. ತುಂಬಿದ ಬಟ್ಟಲು ಕಂಡರೆ ಮೊದಲೇ ಸೋತ ಭಾವ. ಮಗುವಿಗೆ ಗೊತ್ತಿರುವ ಒಂದು ಪದಾರ್ಥ ಯಾವಾಗಲೂ ಇರಲಿ, ಹೊಸದು ಒಂದು ಚಮಚ ಪಕ್ಕದಲ್ಲಿರಲಿ. ಹೊಸ ರುಚಿ ಒಪ್ಪಿಗೆಯಾಗಲು 8ರಿಂದ 15 ಸಲ ಎದುರಿಗೆ ಬರಬೇಕಾಗುತ್ತದೆ, ಎರಡು ಸಲ ಉಗುಳಿದ್ದಕ್ಕೆ ಸೊಪ್ಪು ಇಷ್ಟವಿಲ್ಲ ಎಂದು ತೀರ್ಮಾನಿಸುವುದು ಅವಸರ. ಒಂದು ಚಮಚ ನಿಮ್ಮ ಕೈಯಲ್ಲಿ, ಒಂದು ಮಗುವಿನ ಕೈಯಲ್ಲಿ. ಬೆರಳಿನಲ್ಲಿ ಹಿಡಿಯುವಂಥದ್ದು ಒಂದು ಇರಲೇಬೇಕು: ಇಡ್ಲಿ ಚೂರು, ದೋಸೆಯ ಮೆತ್ತನೆ ಭಾಗ, ಬೆಂದ ಸಿಹಿಗೆಣಸು, ಸಾರಿನಲ್ಲಿ ನೆನೆದ ಚಪಾತಿ. ಮಿಕ್ಸಿಗೆ ಒಗ್ಗಿದ ಮಗುವಿಗೆ ಮೊದಲ ದಿನವೇ ಇಡೀ ಅನ್ನ ಕೊಡಬೇಡಿ. ಮಿಕ್ಸಿ ನಿಲ್ಲಿಸಿ ಕೈಯಲ್ಲಿ ನುಣ್ಣಗೆ ಹಿಸುಕಿ, ಮೂರು ನಾಲ್ಕು ದಿನಕ್ಕೊಮ್ಮೆ ಹಿಸುಕುವುದು ಕಡಿಮೆ ಮಾಡಿ. ವಾಕರಿಸಿದರೆ ಹೆದರಬೇಡಿ. ವಾಕರಿಕೆಯಲ್ಲಿ ಸದ್ದಿರುತ್ತದೆ, ಮುಖ ಕೆಂಪಾಗುತ್ತದೆ, ತುತ್ತು ಮುಂದಕ್ಕೆ ಬರುತ್ತದೆ. ಉಸಿರು ಕಟ್ಟಿದಾಗ ಸದ್ದೇ ಇರುವುದಿಲ್ಲ, ಅಳಲೂ ಕೆಮ್ಮಲೂ ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ. ಆಗ ತಲೆ ಕೆಳಗಾಗುವಂತೆ ಬೋರಲು ಹಿಡಿದು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಬಡಿಯಬೇಕು, ಹೋಗದಿದ್ದರೆ ಒಂದು ವರ್ಷದ ಮೇಲಿನವರಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒಂದು ಕೈಯ ಅಂಗೈ ಬುಡದಿಂದ 5 ಸಲ. ಸಿಕ್ಕಿಕೊಂಡದ್ದು ಬಿಡುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ಕೆದಕಬೇಡಿ.

ಎರಡು ವರ್ಷದೊಳಗಿನ ಮಗುವಾದರೆ ಫೋನನ್ನು ಒಂದೇ ಸಲಕ್ಕೆ ನಿಲ್ಲಿಸುವುದು ಸುಲಭ. ಮೂರರ ಮೇಲಿನವರಿಗೆ ಮೊದಲು ಹೇಳಬೇಕು: "ನಾಳೆಯಿಂದ ತಿಂಡಿ ತಿನ್ನುವಾಗ ಫೋನಿಲ್ಲ." ಅತಿ ಹೆಚ್ಚು ಹಸಿವಿರುವ ಹೊತ್ತಿನಿಂದ ಶುರು ಮಾಡಿ, ಸಾಮಾನ್ಯವಾಗಿ ಬೆಳಗಿನ ತಿಂಡಿ, ಕೆಲವರಿಗೆ ಹೊರಗೆ ಆಡಿ ಬಂದ ಸಂಜೆ. ಅದು ಮೂರು ನಾಲ್ಕು ದಿನ ನಿಂತ ಮೇಲೆ ಮುಂದಿನದು. ಚಿತ್ರ ತೆಗೆದು ಹಾಡು ಮಾತ್ರ ಕೇಳಿಸುವ ನಡುದಾರಿಯನ್ನು ಕೆಲವರು ಹಿಡಿಯುತ್ತಾರೆ. ನಾನು ಅದನ್ನು ಹೇಳಲಾರೆ, ಹಾಡಿಲ್ಲದೆ ತುತ್ತಿಲ್ಲ ಎಂಬ ಇನ್ನೊಂದು ಕಟ್ಟಳೆ ಹುಟ್ಟುತ್ತದೆ. ಫೋನು ಕಣ್ಣಿಗೆ ಬೀಳದ ಬೇರೆ ಕೋಣೆಯಲ್ಲಿ ಚಾರ್ಜಿಗಿರಲಿ. ಜೇಬಿನಲ್ಲಿ ಕಂಪಿಸಿದರೂ ಮಗುವಿಗೆ ಗೊತ್ತಾಗುತ್ತದೆ.

ಊಟಕ್ಕೆ 20–25 ನಿಮಿಷ. ಅಷ್ಟರಲ್ಲಿ ಎಷ್ಟು ಹೋಯಿತೋ ಅಷ್ಟು. ಬೈಯದೆ, ಬೇಡಿಕೊಳ್ಳದೆ "ಊಟ ಆಯ್ತು, ಕೈ ತೊಳೆಯೋಣ" ಎಂದು ಎತ್ತಿಡಿ. ಹತ್ತು ನಿಮಿಷ ಬಿಟ್ಟು ಪಾಪ ಏನೂ ತಿಂದಿಲ್ಲ ಎಂದು ಬಿಸ್ಕತ್ತು ಕೊಟ್ಟರೆ ಆ ಊಟದ ಪಾಠ ಅಳಿಸಿಹೋಯಿತು. ಮೊದಲ ಮೂರು ದಿನ ರಚ್ಚೆ ಇರುತ್ತದೆ, ತಿನ್ನುವುದು ಅರ್ಧಕ್ಕಿಳಿಯಬಹುದು. ನೀರು ಕುಡಿಯುತ್ತಿದ್ದು, ಎಂದಿನಂತೆ ಮೂತ್ರ ಹೋಗುತ್ತಿದ್ದು, ಆಡುತ್ತಿದ್ದರೆ ಅಪಾಯವಿಲ್ಲ. ಎಂಟು ಗಂಟೆ ಮೂತ್ರ ಹೋಗದಿದ್ದರೆ, ಮಂಕಾದರೆ, ಜ್ವರ ಬಂದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಎಲ್ಲಕ್ಕಿಂತ ಹೆಚ್ಚು ಮನೆಗಳು ಸೋಲುವುದು ಎರಡನೆಯ ಅಥವಾ ಮೂರನೆಯ ದಿನ. ರೂಢಿ ಬಿಡುವ ಮುನ್ನ ಅಳು ಜೋರಾಗುವುದು ಸಹಜ. ನಲವತ್ತು ನಿಮಿಷ ಅತ್ತ ಮೇಲೆ ಫೋನು ಕೊಟ್ಟರೆ ನಲವತ್ತು ನಿಮಿಷ ಅಳಬೇಕು ಎಂಬುದನ್ನು ಮಗು ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ. ಒಂದು ವಾರ ಗಟ್ಟಿಯಾಗಿ ಹಿಡಿದುಕೊಳ್ಳಲು ಆಗುವಂತಿದ್ದರೆ ಮಾತ್ರ ಶುರು ಮಾಡಿ. ಹಬ್ಬ, ಪ್ರಯಾಣ, ಅಂಗನವಾಡಿಗೆ ಮೊದಲು ಸೇರಿಸುವ ವಾರ ಬೇಡ.

ಇದು ತಾಯಿಯೊಬ್ಬಳ ಕೆಲಸವಾದರೆ ನಡೆಯುವುದಿಲ್ಲ. ಹಗಲು ನೋಡಿಕೊಳ್ಳುವವರು ಅಜ್ಜಿಯೋ ಕೆಲಸದವರೋ ಆಗಿದ್ದರೆ ಅವರನ್ನು ಕೂರಿಸಿಕೊಂಡು ಕಾರಣ ಹೇಳಿ, ತಿನ್ನಿಸಲಿಲ್ಲ ಎಂದು ಸಂಜೆ ಅವರ ಮೇಲೆ ರೇಗುವುದಿಲ್ಲ ಎಂಬ ಮಾತನ್ನೂ ಕೊಡಿ. ಬಟ್ಟಲು ಖಾಲಿಯಾಗಲೇಬೇಕು ಎಂದು ಅವರ ಮೇಲೆ ಒತ್ತಡವಿರುವಷ್ಟು ದಿನ ಫೋನು ಕದ್ದು ಬರುತ್ತಲೇ ಇರುತ್ತದೆ. ರಾತ್ರಿ ಟಿವಿಯಲ್ಲಿ ಧಾರಾವಾಹಿಗಳ ಹೊತ್ತು ಮತ್ತು ಮಗುವಿನ ಊಟದ ಹೊತ್ತು ಒಂದೇ ಆಗಿಬಿಡುತ್ತದೆ. ಹಿರಿಯರ ಧಾರಾವಾಹಿ ತಪ್ಪಿಸಿ ಮನಸ್ತಾಪ ಮಾಡಿಕೊಳ್ಳುವ ಬದಲು ಅಂಥ ಮನೆಯಲ್ಲಿ ಸಂಜೆಯ ತಿಂಡಿಯನ್ನೂ ಬೇಗ ಕೊಟ್ಟು, ಮಗುವಿನ ಊಟವನ್ನು ಏಳೂವರೆಯ ಬದಲು ಏಳಕ್ಕೆ ಮೊದಲೇ ಮುಗಿಸುವುದು ಜಾಣತನ, ಮಗುವಿನ ನಿದ್ದೆಗೂ ಅದು ಒಳ್ಳೆಯದು. ಅಪ್ಪ ಊಟ ಮಾಡುತ್ತಾ ಫೋನು ನೋಡುತ್ತಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಮದುವೆ ಮನೆ, ಹೋಟೆಲು, ಬಸ್ಸು ಇಲ್ಲೆಲ್ಲ ಏನು ಮಾಡುವುದು? ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸುವುದೇ ಮಗುವಿಗೆ ಸಾಕಷ್ಟು ನೋಟ. ಬಡಿಸುವವರು ಬಂದಾಗ "ಈಗ ಏನು ಬಂತು?" ಎಂದು ಕೇಳುತ್ತಾ ಹೋಗಿ. ಹೋಟೆಲಿನಲ್ಲಿ ಆರ್ಡರ್ ಬರುವವರೆಗಿನ ಕಾಯುವಿಕೆಯೇ ಕಷ್ಟ; ಒಬ್ಬರು ಮಗುವನ್ನು ಹೊರಗೆ ಸುತ್ತಾಡಿಸಿ ತಟ್ಟೆ ಬಂದ ಮೇಲೆ ಕರೆತಂದರಾಯಿತು.

ಜ್ವರ ನೆಗಡಿ ಬಂದಾಗ ಹಳೇ ರೂಢಿ ಮರಳುವುದು ಎಲ್ಲರ ಮನೆಯಲ್ಲೂ ಆಗುತ್ತದೆ. ಆಗ ಗಂಜಿ, ಮೊಸರನ್ನ, ಎಳನೀರು ಎಂದು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ಹೊತ್ತಿನ ಕಟ್ಟುಪಾಡು ಸಡಿಲವಾಗಲಿ. ಗುಣವಾದ ಮೇಲೆ ಸುಮಾರು ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಟ್ಟರೆ ಇಳಿದ ತೂಕ ಮರಳುತ್ತದೆ. ಈ ನಡುವೆ ಫೋನು ಬಂದಿದ್ದರೆ, ಜ್ವರ ಬಿಟ್ಟು ಎರಡು ದಿನವಾದ ಮೇಲೆ ಬೆಳಗಿನ ತಿಂಡಿಯಿಂದಲೇ ಮತ್ತೆ ಶುರು ಮಾಡಿ. ಒಮ್ಮೆ ಬಿಟ್ಟು ಗೊತ್ತಿರುವ ಮಗುವಿಗೆ ಎರಡನೆಯ ಸಲ ಸಾಮಾನ್ಯವಾಗಿ ಅಷ್ಟು ದಿನ ಬೇಕಾಗುವುದಿಲ್ಲ.